ಐದನೆಯದು

ಕೆಳಮನೆಯ ರೈಮೋ ಮುದುಕ ಕೊಟ್ಟ ಟೀವಿ,
ಬೆನ್ನು ಗೂನಾದದ್ದು, ಹೊರಲು ಇಬ್ಬರು ಬೇಕು.
ಮೂರನೇ ಮಹಡಿ ಹತ್ತಿಸುವಾಗ
ನನ್ನ ಸೊಂಟ ಕಳಕ್ ಅಂದಿತು.
ಅವನು ಏನೂ ಅನ್ನಲಿಲ್ಲ.
ತುರ್ಕು ಊರಲ್ಲಿ ನವೆಂಬರ್ ಬಂದರೆ
ಯಾರೂ ಏನೂ ಅನ್ನುವುದಿಲ್ಲ.

ತಮ್ಮ ವಿಲ್ಮೆರ್ ಪೆರುವಿನಿಂದ ಕಳಿಸಿದ ಡಿವಿಡಿ,
ಅವನ ಮಗುವಿನ ದೀಕ್ಷಾಸ್ನಾನದ್ದು, ಹಾಕಿ ಕೂತೆವು.
ಚಿತ್ರ ಬಂತು. ಬಣ್ಣ ಬರಲಿಲ್ಲ.
ಬಂದ ಚಿತ್ರವೂ ನಿಲ್ಲದೆ
ಮೇಲಿನಿಂದ ಕೆಳಕ್ಕೆ ಉರುಳುತ್ತ ಉರುಳುತ್ತ
ಅಮ್ಮನ ಕಾಲು ಅಮ್ಮನ ತಲೆಯ ಮೇಲೆ,
ಮಾವಿನಹಣ್ಣು ಬೂದಿ, ಪಾದ್ರಿ ಬೂದಿ,
ಕಿಟಕಿಯಾಚೆಯ ಕಡಲೂ ಬೂದಿ.
‘ಚಿಂಬೋತೆ ಹೀಗೇ ಇದೆಯಾ?’ ಅಂದಳು ವಾಂಜಿ.
‘ಮೀನುಹಿಟ್ಟಿನ ನಾತವೊಂದಿಲ್ಲ,
ಉಳಿದದ್ದೆಲ್ಲ ಹೀಗೇ’ ಅಂದೆ.

ಆಮೇಲೆ ಬಂತು ಲ್ಯಾಪ್‌ಟಾಪು,
ವಾಂಜಿಯ ಆಸ್ಪತ್ರೆಯವರು ಸವಾಲಿನಲ್ಲಿ ಮಾರಿದ್ದು.
ಅದಕ್ಕೆ ಬಣ್ಣ ಗೊತ್ತಿತ್ತು, ನಿಲ್ಲುವುದು ಗೊತ್ತಿತ್ತು,
ಆದರೆ ಅಂಗಡಿಯ ಸಿನಿಮಾ ಹಾಕಿದರೆ
ಗಡಿಕಾವಲಿನವನ ಹಾಗೆ ಕೇಳಿತು:
ಯಾವ ವಲಯ?

ನನ್ನ ತಟ್ಟೆಯ ಮೇಲೆ ನಾಲ್ಕು.
ಬೊಹೋಲ್ ದ್ವೀಪದವಳ ತಟ್ಟೆಯ ಮೇಲೆ ಮೂರು.
ಇಲ್ಲೇ ಹುಟ್ಟಿದ ಐಲಾಳದ್ದು ಎರಡು.
ಒಂದೇ ಸೋಫಾ, ಒಂದೇ ಕಂಬಳಿ.
ಐದು ಸಲ ಬದಲಿಸಿಕೋ, ಅಂದಿತು ಯಂತ್ರ,
ಐದನೆಯದೇ ಕೊನೆ, ಎಲ್ಲಿ ನಿಂತಿತೋ ಅಲ್ಲೇ.
ತಟ್ಟೆಗೆ ಬಂದದ್ದು ಬಾಯಿಗೆ ಬರಬೇಕಾದರೆ
ಯಾರದಾದರೂ ಬಾಯಿ ಕಟ್ಟಬೇಕು.

ಮೊದಲನೆಯದು ವಾಂಜಿಯ ಹುಟ್ಟುಹಬ್ಬಕ್ಕೆ ಹೋಯಿತು.
ಎರಡನೆಯದು ಕ್ರಿಸ್‌ಮಸ್ಸಿಗೆ, ಐಲಾಳ ಮುಳ್ಳುಹಂದಿ ಕತೆಗೆ.
ಮೂರನೆಯದು ನನ್ನದು. ಹಡಗುಕಟ್ಟೆಯಲ್ಲಿ
ಕೆಲಸ ಕಡಿಮೆಯಾದ ವಾರ, ನಗಲೇಬೇಕಿತ್ತು,
ನಕ್ಕೆ, ಒಬ್ಬನೇ, ಜೋರಾಗಿ.
ನಾಲ್ಕನೆಯದು ಮಗುವಿಗೆ ಜ್ವರ ಬಂದಾಗ,
ಮತ್ತೆ ಅದೇ ಮುಳ್ಳುಹಂದಿ.

ಉಳಿದ ಒಂದನ್ನು ಯಾರೂ ಮುಟ್ಟಲಿಲ್ಲ ಎರಡು ವರ್ಷ.
ಜಗಳ ಬಂದರೆ ಮಾತ್ರ ಹೊರಗೆ ಬರುತ್ತಿತ್ತು,
ಇಬ್ಬರದೂ ಅಲ್ಲದ ಫಿನ್ನಿಷ್ ಭಾಷೆಯಲ್ಲಿ,
ವಿಭಕ್ತಿ ತಪ್ಪುತ್ತ.

ಮಾರ್ಚಿನ ಒಂದು ಬೆಳಗು, ರಾತ್ರಿಪಾಳಿ ಮುಗಿಸಿ,
ವೆಲ್ಡಿಂಗಿನ ಕಿಡಿ ಇನ್ನೂ ಕಣ್ಣೊಳಗೆ,
ಬಾಗಿಲು ತೆಗೆದರೆ
ಮೇಜಿನ ಮೇಲೆ ಮೂರನೇ ವಲಯ.
ಕೇಳಲಿಲ್ಲ ಅವಳು. ಹೇಳಲೂ ಇಲ್ಲ.
ನನಗೆ ಸಿಟ್ಟು ಬಂತು, ಸುಳ್ಳು ಯಾಕೆ,
ಬೂಟು ಬಿಚ್ಚಿ ಗೋಡೆಗೆ ಬಿಸಾಡಿದೆ.

ಅವಳು ಎದ್ದಳು. ಬಟನ್ ಒತ್ತಿದಳು.
ನಲವತ್ತೊಂದನೇ ನಿಮಿಷ.
ಮೀನಿನ ಸಂತೆ, ನಾಯಕಿ ಓಡುತ್ತಿದ್ದಾಳೆ,
ಅವಳ ಹಿಂದೆ, ಅಂಚಿನಲ್ಲಿ,
ಹೆಗಲ ಮೇಲೆ ಮಂಜುಗಡ್ಡೆ ಹೊತ್ತ ಒಬ್ಬ
ಬರುತ್ತಾನೆ, ಕ್ಯಾಮೆರಾ ನೋಡುತ್ತಾನೆ,
ನೋಡಬಾರದೆಂದು ನೆನಪಾಗಿ ತಲೆ ತಿರುಗಿಸುತ್ತಾನೆ.
ಮೂರು ಸೆಕೆಂಡು.
‘ಅಪ್ಪ’ ಅಂದಳು. ‘ನಿನ್ನೆ ಫೋನ್ ಬಂತು.’

ಇಷ್ಟು ವರ್ಷ ಆ ತಟ್ಟೆ
ನಮ್ಮ ಬಟ್ಟೆಯ ಬೀರುವಿನಲ್ಲೇ ಇತ್ತು.

ಈಗ ಯಂತ್ರ ಮೂರರದ್ದು, ಸಾಯುವವರೆಗೆ.
ಐಲಾ ಮುಳ್ಳುಹಂದಿ ನೋಡಲು
ಕೆಳಗೆ ರೈಮೋ ಮನೆಗೆ ಇಳಿಯುತ್ತಾಳೆ.
ನನ್ನ ಸಿನಿಮಾ ನಾನೇ ಅವಳಿಗೆ ಹೇಳುತ್ತೇನೆ,
ಪ್ರತಿ ಸಲ ಒಂದಿಷ್ಟು ತಪ್ಪಾಗಿ,
ಈಚೆಗೆ ಅದರಲ್ಲೊಂದು ಮುಳ್ಳುಹಂದಿಯೂ ಸೇರಿದೆ.

ಒಂದು ದಿನ ರೈಮೋ ಮಗುವನ್ನು ಬಿಡಲು
ಮೇಲೆ ಬಂದ, ಬಾಗಿಲಲ್ಲೇ ನಿಂತ.
ಪರದೆಯ ಮೇಲೆ ಆ ನಿಮಿಷ ನಡೆಯುತ್ತಿತ್ತು.
ಟೊಪ್ಪಿ ತೆಗೆದು ನೋಡಿದ.
ಬಹಳ ಹೊತ್ತಾದ ಮೇಲೆ
‘ಭಾರ ಇರುತ್ತೆ ಅದು’ ಅಂದ.