ಬಾಲಂಗೋಚಿ

ಮಂಗಳವಾರ ಸಂಜೆ ಆರೂವರೆಗೆ
ಗ್ರಿಮ್ಸ್‌ಬಿಯ ಲೈಬ್ರರಿ ಮಾಳಿಗೆಯಲ್ಲಿ ಹೀಟರು ಕೆಮ್ಮುತ್ತಿರುತ್ತದೆ.
ಎರಡು ಸಲ ಸೋಪು ಹಚ್ಚಿ ತೊಳೆದರೂ
ನನ್ನ ಕೈಯಿಂದ ಹ್ಯಾಡಕ್ ಮೀನು ಹೋಗುವುದಿಲ್ಲ;
ಅದೂ ನನ್ನ ಜೊತೆ ಇಂಗ್ಲಿಷ್ ಕಲಿಯಲು ಬರುತ್ತದೆ.

ವಿನಿಫ್ರೆಡ್ ಕ್ಲಫ್ ಇವತ್ತು ವಾಕ್ಯಕ್ಕೆ ಬಾಲ ಕಟ್ಟಿದರು.
ಇಟ್ಸ್ ಕೋಲ್ಡ್, ಇಸಂಟ್ ಇಟ್?
ಚಳಿ ಇದೆ, ಇಲ್ಲವೇ?
ಗಾಳಿಪಟದ ಬಾಲಂಗೋಚಿ ಕಣ್ರೇ ಇದು, ಎಂದರು.
ಇಲ್ಲದಿದ್ದರೂ ಪಟ ಏರೀತು,
ಆದರೆ ಗಿರಕಿ ಹೊಡೆದು
ಯಾರದೋ ಹೊಗೆಗೂಡಿಗೆ ಸಿಕ್ಕೀತು.

ಮುಂದೆ ಹೌದು ಇದ್ದರೆ ಹಿಂದೆ ಇಲ್ಲ.
ಮುಂದೆ ಇಲ್ಲ ಇದ್ದರೆ ಹಿಂದೆ ಹೌದು.
ನನ್ನ ಎರಡನೆಯ ಗಂಡನ ಹಾಗೆ, ಎಂದೆ.
ಯಾರೂ ನಗಲಿಲ್ಲ, ನಕ್ಕರಾ ಅವರು?
ಯಾರೂ ಇಲ್ಲದ ಮೇಲೆ ಅವರು ಎಲ್ಲಿಂದ ಬಂದರು?
ವ್ಯಾಕರಣದಿಂದ ಬಂದರು ರಮೂನೆ, ಕೂತುಕೋ.

ಫ್ಯಾಕ್ಟರಿಯಲ್ಲಿ ಇಷ್ಟೆಲ್ಲ ರಗಳೆಯಿಲ್ಲ.
ಎಲ್ಲದಕ್ಕೂ ಒಂದೇ ಬಾಲ: ಇನ್ನಿಟ್.
ನೀನು ತಡ, ಇನ್ನಿಟ್. ಅವನು ಸತ್ತ, ಇನ್ನಿಟ್.
ನಮ್ಮ ಮೇಸ್ತ್ರಿಗೆ ಒಂದೇ ಗಮ್‌ಬೂಟು
ಎಲ್ಲರ ಕಾಲಿಗೂ ಆಗಬೇಕು.

ಆಮೇಲೆ ರಾಗ.
ದನಿ ಮೆಟ್ಟಿಲು ಹತ್ತಿದರೆ: ನನಗೆ ಗೊತ್ತಿಲ್ಲ, ಹೇಳು.
ದನಿ ಮೆಟ್ಟಿಲು ಇಳಿದರೆ: ನನಗೆ ಗೊತ್ತಿದೆ, ತಲೆಯಾಡಿಸು.

ಆಗ ಸೆಮ್ಹಾರ್ ಪೆನ್ನು ಕೆಳಗಿಟ್ಟಳು.

ಹನ್ನೊಂದು ತಿಂಗಳ ಹಿಂದೆ, ಲೀಡ್ಸಿನ ಒಂದು ಕೋಣೆ.
ದುಭಾಷಿಯ ಫೋನ್ ಲೈನು ಕಡಿದುಹೋದ ಮೂರು ನಿಮಿಷ.
ಸುಮ್ಮನೆ ಕೂರಲಾರದ ಅಧಿಕಾರಿ ಕೇಳಿದ್ದನಂತೆ:
ಯೂ ವರಂಟ್ ಇನ್ ಪ್ರಿಸನ್, ವರ್ ಯೂ?
ನೀನು ಜೈಲಿನಲ್ಲಿ ಇರಲಿಲ್ಲ, ಇದ್ದೆಯಾ?
ಇವಳು ನೋ ಅಂದಳು.
ನೋ, ನೀವು ಹೇಳಿದ್ದು ತಪ್ಪು, ಇದ್ದೆ,
ಹದಿನಾಲ್ಕು ತಿಂಗಳು, ತಗಡಿನ ಕಂಟೇನರಿನಲ್ಲಿ,
ಹಗಲು ಬೆಂದು, ರಾತ್ರಿ ನಡುಗಿ.
ಎರಿಟ್ರಿಯಾದಲ್ಲಿ, ಅವಳ ಅಮ್ಮನ ಅಡಿಗೆಮನೆಯಲ್ಲಿ,
ಆ ಒಂದು ನೋ ಇಷ್ಟನ್ನೂ ಹೇಳುತ್ತಿತ್ತು.
ಅವನು ಬರೆದುಕೊಂಡ: ಇರಲಿಲ್ಲ.

ಅವನ ದನಿ ಇಳಿದಿತ್ತು, ಎಂದಳು.
ಈಗ ನೆನಪಾಗ್ತಿದೆ. ಇಳಿದೇ ಬಂದಿತ್ತು.

ವಿನಿಫ್ರೆಡ್ ಮಾರ್ಕರಿಗೆ ಮುಚ್ಚಳ ಹಾಕಿದರು, ತೆಗೆದರು,
ಮತ್ತೆ ಹಾಕಿದರು.
ಯೆಸ್ಸನ್ನು ನಂಬಬೇಡ ಮಗಳೇ, ನೋವನ್ನೂ ನಂಬಬೇಡ.
ಕ್ರಿಯಾಪದವನ್ನು ಹಿಡಿದುಕೋ.
ಐ ವಾಸ್. ಇದ್ದೆ.
ಅಷ್ಟೇ ಹೇಳು. ಎಷ್ಟು ಸಲ ಕೇಳಿದರೂ ಅಷ್ಟೇ.

ಆಮೇಲೆ, ಮಾತು ಬದಲಿಸುವವರ ಹಾಗೆ, ಬೋರ್ಡಿಗೆ ತಿರುಗಿದರು.
ಐ ಆಮ್ ಎಂಬುದಕ್ಕೆ ಸ್ವಂತ ಬಾಲವಿಲ್ಲ.
ಆಮಂಟ್ ಐ ಅನ್ನುತ್ತಿದ್ದಳು ನನ್ನ ಐರಿಷ್ ಅಜ್ಜಿ;
ನೀವು ಪರೀಕ್ಷೆಯಲ್ಲಿ ಬರೆದರೆ ಸೊನ್ನೆ.
ನಾನು ಎಂಬುದು ನೀವು ಎಂಬುದರ ಮನೆಗೆ ಹೋಗಿ
ಬಾಲವನ್ನು ಕಡ ತರಬೇಕು:
ಐ ಆಮ್ ಹಿಯರ್, ಆರಂಟ್ ಐ?
ಇಲ್ಲೇ ಇದ್ದೇನೆ, ಇಲ್ಲವೇ ನಾನು?

ಒಂಬತ್ತು ಜನ ಒಟ್ಟಿಗೆ ಹೇಳಿದೆವು.
ಕೆಲವರ ದನಿ ಹತ್ತಿತು, ಕೆಲವರದು ಇಳಿಯಿತು,
ಸೆಮ್ಹಾರಳದು ನಡುಮೆಟ್ಟಿಲಲ್ಲಿ ನಿಂತುಕೊಂಡಿತು.

ಬಸ್‌ಸ್ಟಾಪಿನಲ್ಲಿ ನಾಯಿ ಹಿಡಿದ ಮುದುಕ:
ಬಿಟ್ ನಿಪ್ಪಿ, ಇಸಂಟ್ ಇಟ್.
ದನಿ ಇಳಿದಿತ್ತು. ಇಳಿದರೂ ಇವನದು
ಪಕ್ಕದಲ್ಲಿ ಜಾಗ ಬಿಟ್ಟುಕೊಡುವ ಇಳಿತ.
ಇಟ್ ಈಸ್, ಎಂದಳು ಸೆಮ್ಹಾರ್, ಕ್ರಿಯಾಪದ ಬಿಗಿಹಿಡಿದು.
ನಮ್ಮೆಲ್ಲರ ಪೈಕಿ ನಾಯಿಯೊಂದೇ
ತಪ್ಪಿಲ್ಲದೆ ಬಾಲ ಬಳಸಿತು.

ಗುರುವಾರ ಅವಳ ಮೇಲ್ಮನವಿ.
ಐ ವಾಸ್, ಐ ವಾಸ್, ತುಟಿಯಲ್ಲೇ ಅನ್ನುತ್ತಿದ್ದಳು,
ಸಣ್ಣ ಹೊಗೆ ಬರುತ್ತಿತ್ತು.

ಬಸ್ಸು ಬಂತು, ಬಾಗಿಲು ಉಸ್ಸೆಂದಿತು.
ಡ್ರೈವರ್ ಬಗ್ಗಿ ಕೇಳಿದ:
ಯೂ ಆರ್ ಗೆಟಿಂಗ್ ಆನ್, ಆರ್ ಯೂ?

ಹೌದಿನ ಹಿಂದೆ ಹೌದು!
ಇದನ್ನು ನಮಗೆ ಹೇಳಿಕೊಟ್ಟೇ ಇಲ್ಲ.
ನಾನು ಚೀಲದೊಳಗೆ ಕೈ ಹಾಕಿ ನೋಟ್‌ಬುಕ್ ತಡಕುತ್ತಿದ್ದೆ.
ಅವಳು ಕಾಯಲಿಲ್ಲ.
ಐ ಆಮ್, ಎಂದಳು,
ಹತ್ತಿದಳು.