ಸೊಸೈಟಿ ಗೋಡೆಯ ಪಟ

ಜಾವಗಲ್ಲಿನ ಸೊಸೈಟಿಯಲ್ಲಿ, ತಕ್ಕಡಿಯ ಮೇಲುಗಡೆ,
ಡ್ರಾಯಿಂಗ್ ಮೇಷ್ಟ್ರು ಮರುಳಸಿದ್ದಯ್ಯ ಬರೆದ ರಾಗಿ ಕುಯ್ಲು.
ನಿವೃತ್ತಿಯ ದಿನ ಶಾಲೆಗೆ ಕೊಟ್ಟದ್ದು.
ಶಾಲೆಯವರಿಗೆ ಜಾಗವಿರಲಿಲ್ಲ. ಇಲ್ಲೊಂದು ಮೊಳೆಯಿತ್ತು.

ಖರೀದಿಯ ನೋಂದಣಿಗೆ ನಿಂತ ಸಾಲಿಗೆ
ಬೇರೇನಿದೆ ನೋಡಲು?
ಆಕಾಶ ನೆಟ್ಟಗಿಲ್ಲ, ಕತ್ತಾಳೆ ಹಗ್ಗದ ಹಾಗೆ ಹೊಸೆದಿದ್ದಾರೆ.
ಗುಡ್ಡ ಊದಾ. ಮೆದೆಯ ನೆರಳು ಹಸಿರು.
ನೆರಳು ಎಲ್ಲಾದರೂ ಹಸಿರಿರ್ತದಾ ಸಾರ್ ಎಂದರೆ
ತರಗತಿಯಲ್ಲಿ ಅವರದು ಒಂದೇ ಮಾತು:
‘ಇಳಿಹೊತ್ತಲ್ಲಿ ಹೋಗಿ ಮೆದೆ ಪಕ್ಕ ಕೂತು ಬಾ.’
ನಾನು ಹೋಗಲಿಲ್ಲ.
ನೂರಕ್ಕೆ ಮೂವತ್ತೆಂಟು ಬಂತು.

ಹಳದಿ ಅತಿಯಾಯಿತು ಎನ್ನುತ್ತಾರೆ ಎಲ್ಲರೂ.
ಮಾಗಿದ ರಾಗಿಹೊಲ ಹಳೇ ಕಂಬಳಿಯ ಬಣ್ಣ.
ಇವರು ಅಕ್ಕಡಿ ಸಾಲಿನ ಹುಚ್ಚೆಳ್ಳು ಹೂವನ್ನು
ಹೊಲಕ್ಕೆಲ್ಲ ಎರಚಿಬಿಟ್ಟಿದ್ದಾರೆ,
ಕುಂಚ ಎಸೆದು, ಹೆಬ್ಬೆರಳಲ್ಲೇ,
ಗೋಡೆಗೆ ಬೆರಣಿ ತಟ್ಟಿದಂತೆ ದಪ್ಪ ದಪ್ಪ.
ಟೋಕನ್ ಹಿಡಿದ ಒಬ್ಬಾತ ಉಗುರಲ್ಲಿ ಕೆರೆದ.
ಬೆರಳು ಮೂಸಿದ.

ಮೂಲೆಯಲ್ಲಿ, ಕುಯ್ಯುವ ಸಾಲಿನ ಕಟ್ಟಕಡೆಗೆ, ಬಗ್ಗಿದ ಒಬ್ಬಳು.
ಮುಖವಿಲ್ಲ. ನೀಲಿಯ ಎರಡು ಬೀಸು,
ಬೆನ್ನಿಗೊಂದು, ಸೆರಗಿಗೊಂದು.
ಕುಡುಗೋಲು ಎಡಗೈಯಲ್ಲಿ.

‘ಅದು ನಾನು ಕಣಪ್ಪ’
ಅಂದಳು ನನ್ನ ಮುಂದೆ ನಿಂತ ದ್ಯಾವೀರಮ್ಮ.
‘ಎಡಚೀನ ಮುಯ್ಯಾಳಿಗೆ ಕರೆದ್ರೂ
ನಡುವೆ ಬಿಟ್ಕಳಲ್ಲ, ಪಕ್ಕದೋರ ಕೈ ಕುಯ್ದಾಳು ಅಂತ.
ಬದದ ಕಡೀಕೆ ಹಾಕೋರು.
ಬದದ ಮೇಲೆ ಕೂತಿದ್ದ ಮೇಷ್ಟ್ರು ಒಂದು ಚೊಂಬು ನೀರು ಕೇಳಿದ್ರು.
ಕುಡಿಯಕ್ಕೆ ಅಂತ ತಂದ್ಕೊಟ್ರೆ
ಕುಂಚ ಅದ್ದುಬುಟ್ರು, ಪುಣ್ಯಾತ್ಮ!’

ಇನ್ನೂ ಸ್ವಲ್ಪ ಹೊತ್ತು ನೋಡಿದಳು.
‘ಅವತ್ತು ಹಿಟ್ಟಿಗೆ ಕೂತಾಗ ನಕ್ಕೂ ನಕ್ಕೂ
ನಂಗೆ ನೆತ್ತಿಗೇರಿತ್ತು.
ಅದನ್ನ ಬರೀಲಿಲ್ಲ ನೋಡು.’

ಸರದಿ ಬಂತು. ಹೆಬ್ಬೆಟ್ಟಿನ ಯಂತ್ರ ಕೆಂಪಾಯಿತು.
ಒರೆಸಿಕೊಂಡು ಒತ್ತಿದಳು. ಕೆಂಪು.
ಇನ್ನೊಂದು ಕೈ. ಕೆಂಪು.
‘ಗೆರೆನೇ ಇಲ್ವಲ್ಲಮ್ಮ’ ಅಂದ ಹುಡುಗ,
‘ನಾಳೆ ಮನೆಯೋರ ಮೊಬೈಲ್ ತಗಂಡು ಬಾ.’

ಚೀಲದ ಬಾಯಿ ಸುತ್ತಿಕೊಂಡು ಹೊರಟವಳು
ಪಟದ ಕೆಳಗೆ ನಿಂತಳು, ತುದಿಗಾಲಲ್ಲಿ.
ಹುಚ್ಚೆಳ್ಳಿನ ಹಳದಿಯ ಮೇಲೆ
ಮೇಷ್ಟ್ರ ಬೆರಳಿನ ಗೆರೆಗಳು ಇನ್ನೂ ಎದ್ದಿದ್ದವು.
ಅಲ್ಲಿಗೆ ತನ್ನ ಎಡ ಹೆಬ್ಬೆಟ್ಟು ಒತ್ತಿ
ಒಂದು ಗಳಿಗೆ ಹಾಗೇ ಹಿಡಿದು,

‘ಒಣಗೈತೆ’ ಅಂದಳು,
‘ಇನ್ನು ಒಕ್ಕಬೌದು.’