ಅರ್ಧ ಗಂಟೆ ನಮ್ಮದಾಗಿದ್ದ ಪೆಟ್ಟಿಗೆ

"ಹೆಸರು ಬದಲಾಯಿಸಿಕೊಂಡ ಬಡ್ಡಿ ತಾನೇ, ಭಾವ?"
ಎನ್ನುತ್ತಾನೆ ನನ್ನ ಹೆಂಡತಿಯ ತಮ್ಮ ಶೆಬ್ವಾನ,
ಲಾಮುವಿನ ಕಡಲಕಟ್ಟೆಯ ಮೇಲೆ ಶುಂಠಿಕಾಫಿ ಹೀರುತ್ತ.
ವಾದಕ್ಕೆ ಇಳಿಯುವುದಿಲ್ಲ ನಾನು.
ಹನ್ನೊಂದು ವರ್ಷ ಬ್ಯಾಂಕಿನ ಮುದ್ರೆ ಒತ್ತಿದ ಕೈ ಇದು,
ಅನುಮಾನ ನನಗೂ ಉಂಟು, ಕೆಲವು ಸಂಜೆ.
ಆ ಫ್ರೀಜರಿನ ಕಥೆ ಹೇಳುತ್ತೇನೆ, ಕೇಳು.

ಮ್ವಾನಖೇರಿ ಬಂದಳು, ಮೀನು ಮಾರುವವಳು,
ಕೊರಳಲ್ಲಿ ಬೀಗದ ಕೈ, ಬೆರಳಲ್ಲಿ ಸಿಗಡಿ ವಾಸನೆ.
ದುಡ್ಡು ಕೇಳಿದಳು.
ದುಡ್ಡು ಕೊಡುವುದಿಲ್ಲ ನಾವು, ಅಂದೆ,
ಸಾಮಾನು ಕೊಂಡು ನಿನಗೆ ಮಾರುತ್ತೇವೆ:
ನಮಗೆ ಬಿದ್ದದ್ದು ಅರವತ್ತು ಸಾವಿರ ಶಿಲಿಂಗು,
ನಿನಗೆ ಅರವತ್ತಾರು, ಹನ್ನೆರಡು ಕಂತು,
ತಡವಾದರೂ ಬೆಲೆ ಬೆಳೆಯುವುದಿಲ್ಲ.
"ತನ್ನ ಲಾಭ ಇಷ್ಟೆಂದು ಬಾಯಿಬಿಟ್ಟು ಹೇಳುವ
ವ್ಯಾಪಾರಿಯನ್ನು ಇವತ್ತು ಕಂಡೆ"
ಎಂದು ನಕ್ಕಳು. ಮುಂದಿನ ಒಂದು ಹಲ್ಲಿಲ್ಲ.

ಮೊಂಬಾಸಾದಿಂದ ಬಸ್ಸಿನ ನೆತ್ತಿಯೇರಿ ಬಂದ ಪೆಟ್ಟಿಗೆ
ಮೊಕೊವೆಯ ಜೆಟ್ಟಿಯಲ್ಲಿ ಇಳಿಯಿತು.
ರಸೀದಿಯಲ್ಲಿ ಬ್ಯಾಂಕಿನ ಹೆಸರು.
ಅಲ್ಲೇ ಮಾರಿಬಿಡು ಎಂದಿದ್ದರು ಮ್ಯಾನೇಜರು,
ನಾನೋ, ಕರಾರುಪತ್ರವನ್ನು ಆಚೆ ದಡದ
ಕಪಾಟಿನಲ್ಲೇ ಮರೆತು ಬಂದಿದ್ದೆ.
ಹಾಗಾಗಿ ಆ ನೀರಹಾದಿ ಪೂರ್ತಿ
ಅದು ನಮ್ಮದು. ಅಂದರೆ, ದೋಣಿಯಲ್ಲಿ
ಬ್ಯಾಂಕು ಎಂದರೆ ನಾನೊಬ್ಬನೇ.

ನಮ್ಮಲ್ಲಿ ದಕ್ಷಿಣದ ಗಾಳಿಗೆ ಕುಸಿ ಎಂದು ಹೆಸರು.
ಕಾಂಡ್ಲಾಕಾಡು ದಾಟಿದ್ದೇ ತಡ, ಎದ್ದಿತು.
ದೋಣಿ ಮಗ್ಗುಲಾಯಿತು. ಹಗ್ಗ ಸಡಿಲಿತು.
ಬಿಳಿಯ ಪೆಟ್ಟಿಗೆ, ಅಂಚಿಗೆ, ಮೆಲ್ಲಗೆ,
ಹಸೆಗೆ ಹೊರಟ ಮದುಮಗಳ ಹಾಗೆ.
ಹಾರಿ ತಬ್ಬಿಕೊಂಡೆ. ಕೆನ್ನೆ ತಗಡಿಗೆ ಒತ್ತಿತು.
ಹಲಗೆಯ ಮೊಳೆ ಮೊಣಕಾಲು ಸೀಳಿತು.
ಅವಳೋ, ಲೆಸೋ ಬಟ್ಟೆಯ ಗಂಟು ಬಿಚ್ಚಿ
ಮಹಾಮ್ರಿ ಮುರಿದು ಬಾಯಿಗಿಟ್ಟು
ನೆಂಟರ ಮನೆಯ ಮದುವೆಗೆ ಬಂದವಳಂತೆ ಕೂತಿದ್ದಳು.
"ಗಟ್ಟಿ ಹಿಡಿಯಪ್ಪ," ಅಂದಳು, "ನಿನ್ನದು."

ಆಮೇಲೆ, ಅಲೆಗಳ ನಡುವೆ, ಯಾರಿಗೋ ಎಂಬಂತೆ:
ಗಂಡ ಸಾಲ ಮಾಡಿ ಒಮ್ಮೆ ದೋಣಿ ಕೊಂಡಿದ್ದನಂತೆ.
ದೋಣಿ ಮುಳುಗಿತಂತೆ,
ಸಾಲ ಮಾತ್ರ ತೇಲಿತಂತೆ, ಒಂಬತ್ತು ವರ್ಷ.

ದಡದಲ್ಲಿ, ಕತ್ತೆಗಳ ನಡುವೆ, ಕಾಗದ ಬಿಚ್ಚಿದೆ.
ಅವಳು ಪೆಟ್ಟಿಗೆಗೆ ಒಂದು ಸುತ್ತು ಬಂದಳು,
ಎಳೆ ಕರುವಿನ ಮೈ ತಡವುವವರಂತೆ ತಡವಿದಳು.
"ಇಗೋ ಇಲ್ಲಿ ಜಜ್ಜಿದೆ. ಇದು ನಿನ್ನ ಕಾಲದ್ದು."
ಫೋನಿನಲ್ಲಿ ಮ್ಯಾನೇಜರರ ಮೌನ ಬಹಳ ಉದ್ದ.
ಕಡೆಗೆ, "ಐನೂರು ಬಿಡು."
ಮಾರಿದೆ, ಅಂದೆ.
ಕೊಂಡೆ, ಅಂದಳು.

ಅಷ್ಟೇ. ಮುಖದ ನಗು ಅಲ್ಲೇ ಇಂಗಿತು.
"ಮೆಲ್ಲಗೆ! ಗೋಡೆಗೆ ತಾಗಿಸೀರಿ, ಪಾಪಿಗಳಾ!"
ಹೊರುವವರ ಹಿಂದೆ ಓಡಿದಳು, ಒಂದು ಚಪ್ಪಲಿ ಬಿಟ್ಟು,
ಸಂದಿಯ ತಿರುವಿನಲ್ಲಿ ಕಾಣೆಯಾದಳು.
ನನ್ನ ಕೈ ಹಗುರ. ಏಕೋ ಪೆಚ್ಚಾಗಿ
ಅಂಗೈ ಮೂಸಿಕೊಂಡೆ: ಹೊಸ ಬಣ್ಣ, ಉಪ್ಪು.

ಈಗ ನೈರೋಬಿಯ ಏಳನೆಯ ಮಹಡಿ.
ಗುಂಡಿಯೊತ್ತಿದರೆ ಯಾವುದೋ ಉಗ್ರಾಣದ ತಾಮ್ರ
ಗಿರಾಕಿಯದಾಗಿ, ರೆಪ್ಪೆ ಬಡಿಯುವುದರೊಳಗೆ
ಇನ್ನಾರದೋ ಆಗಿ, ಅವನ ಕೈಗೆ ನಗದು ಬಂದಿರುತ್ತದೆ.
ಆ ತಾಮ್ರವನ್ನು ನಾನು ನೋಡಿಲ್ಲ. ಯಾರೂ ನೋಡಿಲ್ಲ.
ಅದರ ಬಗ್ಗೆ ಕೇಳು, ಶೆಬ್ವಾನ,
ಈ ಕಾಫಿ ಆರುವ ತನಕ ತಲೆ ತಗ್ಗಿಸಿರುತ್ತೇನೆ.

ಈ ಬೆಳಿಗ್ಗೆ ಅವಳ ಅಂಗಡಿಗೆ ಹೋಗಿದ್ದೆ.
ಜಜ್ಜಿದ ಜಾಗದಲ್ಲಿ ಮೊಮ್ಮಗ ಮೀನೊಂದು ಬರೆದಿದ್ದಾನೆ,
ಗುಳಿ ಬಿದ್ದಲ್ಲೇ ಕಣ್ಣು.
ಹುಣಸೆಹಣ್ಣಿನ ಐಸು ಕೊಟ್ಟಳು.
ದುಡ್ಡು ಎಣಿಸಿ ತೆಗೆದುಕೊಂಡಳು.
ಲಾಭ ಎಷ್ಟೆಂದು ಮಾತ್ರ ಹೇಳಲಿಲ್ಲ.